ಗೇಟಿನ ಆದಾಯ, ಬಂಗಲೆಯ ನೀರು

ಅವನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಸಂಬಳದ ಚೀಟಿಯಲ್ಲಿ ಬಿಟ್ಟರೆ ಅದಕ್ಕೆ ಬೇರೆಲ್ಲೂ ಕೆಲಸವಿರಲಿಲ್ಲ. ಬೀದಿಯವರಿಗೂ ಆಫೀಸಿನವರಿಗೂ ಅವನು ಎಷ್ಟಪ್ಪ. ಮನೆಯಲ್ಲಿ ಎಷ್ಟು ಜನ, ದಿನಕ್ಕೆ ಎಷ್ಟು ಬಕೆಟ್ ನೀರು, ತಿಂಗಳಿಗೆ ಎಷ್ಟು ಬರುತ್ತೆ, ಎಷ್ಟು ಖರ್ಚಾಗುತ್ತೆ ಎಂದು ಆರು ವರ್ಷ ಕಂಡವರ ಹೊಸಿಲ ಮುಂದೆ ನಿಂತು ಕೇಳಿದವನಿಗೆ ಇನ್ನೇನು ಹೆಸರು ಬಂದೀತು. ಅವನಿಗೂ ಅದರ ಬಗ್ಗೆ ಬೇಸರವಿರಲಿಲ್ಲ. ‘ನಿನಗೆಷ್ಟು ಬರುತ್ತಪ್ಪ?’ ಎಂದು ಯಾರಾದರೂ ತಿರುಗಿಸಿ ಕೇಳಿದಾಗ ಮಾತ್ರ ಪೆನ್ನಿಗೆ ಮುಚ್ಚಳ ಹಾಕಿ ಎದ್ದುಬಿಡುತ್ತಿದ್ದ.

ಓದಿದ್ದು ಅರ್ಥಶಾಸ್ತ್ರ, ಎರಡನೇ ದರ್ಜೆ. ಬಡತನ ಯಾಕಿದೆ ಎಂದು ಜಗತ್ತಿಗೆ ತಾನೊಂದು ದಿನ ವಿವರಿಸುತ್ತೇನೆ ಅಂದುಕೊಂಡಿದ್ದ. ಈಗ ಅದು ಎಲ್ಲೆಲ್ಲಿದೆ ಎಂದು ವಿಳಾಸ ಸಮೇತ ಹೇಳಬಲ್ಲ. ಯಾಕೆ ಎಂಬುದನ್ನು ಬೇರೆಯವರು ನೋಡಿಕೊಳ್ಳುತ್ತಾರೆ. ಸಂಶೋಧನಾ ಸಂಸ್ಥೆಯಲ್ಲಿ ಅವನದು ಹನ್ನೊಂದು ತಿಂಗಳ ಗುತ್ತಿಗೆ. ಹನ್ನೊಂದು ತಿಂಗಳು ಕೆಲಸ, ಒಂದು ತಿಂಗಳು ಮನೆ, ಆಮೇಲೆ ಹೊಸಬನ ಹಾಗೆ ಮತ್ತೆ ಅರ್ಜಿ. ಆ ಖಾಲಿ ತಿಂಗಳಲ್ಲಿ ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ಗುಂಡಿ ಹೊಲಿಯುತ್ತಿದ್ದ. ಅಕ್ಕ ಶಾಲೆಗಳಿಗೆ ಸಮವಸ್ತ್ರ ಹೊಲಿದುಕೊಡುವವಳು. ಅವನ ಹಾಸಿಗೆ ಇದ್ದದ್ದೂ ಅದೇ ಕೋಣೆಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ. ಬೆಳಿಗ್ಗೆ ತಲೆ ಬಡಿಸಿಕೊಳ್ಳದೆ ಏಳುವುದನ್ನು ಕಲಿತದ್ದೇ ಆರು ವರ್ಷದಲ್ಲಿ ತಾನು ಸಾಧಿಸಿದ ಪ್ರಗತಿ ಎಂದು ಅವನೇ ಹೇಳಿಕೊಂಡು ನಗುತ್ತಿದ್ದ.

ಅವನ ಮೇಲಿದ್ದವರು ಮೇಡಂ. ಅರ್ಥಶಾಸ್ತ್ರದ ಪ್ರೊಫೆಸರ್, ಐವತ್ತು ದಾಟಿದವರು, ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಅದನ್ನೇ ಮೇಜಿನ ತುಂಬ ಹುಡುಕುವವರು. ಊರು ಬೆಳೆಯುತ್ತ ಹೋದಂತೆ ಆದಾಯ ಎಲ್ಲರಿಗೂ ಹಂಚಿಕೆಯಾಗುತ್ತದೆಯೋ, ಕೆಲವರ ಬಳಿಯೇ ಉಳಿಯುತ್ತದೆಯೋ; ಆ ಬೆಳವಣಿಗೆಗೆ ನೆಲದೊಳಗಿನ ನೀರು ತೆರುವ ಬೆಲೆ ಎಷ್ಟು, ಆ ಬೆಲೆಗೆ ಹೊಣೆ ಯಾರು — ಐದು ವರ್ಷದಿಂದ ಅವರು ಬೆನ್ನುಹತ್ತಿದ್ದ ಪ್ರಶ್ನೆ ಇದು. ಸಾವಿರದ ಇನ್ನೂರು ಮನೆಗಳ ಸಮೀಕ್ಷೆ. ಮನೆಗೊಂದು ಫಾರಂ, ಫಾರಮ್ಮಿಗೆ ಎರಡು ಭಾಗ. ಮೊದಲನೆಯದು ಕೇಳಿ ಬರೆಯುವುದು: ಜನ, ಉದ್ಯೋಗ, ಆದಾಯ. ಎರಡನೆಯದು ನೋಡಿ ಬರೆಯುವುದು: ನೀರಿನ ಮೀಟರು, ದಿನಕ್ಕೆ ಬರುವ ಟ್ಯಾಂಕರು, ಹುಲ್ಲುಹಾಸು, ನಿಂತ ಕಾರುಗಳು.

ಎಷ್ಟಪ್ಪನ ಪಾಲಿಗೆ ಬಂದದ್ದು ಊರಿನ ಎತ್ತರದ ಬಡಾವಣೆ. ಅಲ್ಲಿ ಮನೆಗಳು ಕಾಣುವುದಿಲ್ಲ, ಗೇಟುಗಳು ಕಾಣುತ್ತವೆ. ಮೊದಲ ದಿನ ಏಳು ಗೇಟು ಬಡಿದ. ಒಂದರಲ್ಲೂ ಯಜಮಾನರು ಸಿಗಲಿಲ್ಲ. ದಿನಕ್ಕೆ ಏಳು ಫಾರಂ ತುಂಬದಿದ್ದರೆ ಬಸ್ಸಿನ ಭತ್ಯೆ ಇಲ್ಲ. ಗೇಟಿನ ಪಕ್ಕದ ಪುಟ್ಟ ಕೋಣೆಯ ನೆರಳಿನಲ್ಲಿ ಕುಳಿತು ನಿಯಮದ ಪುಸ್ತಕ ಬಿಡಿಸಿದ. ‘ಆ ವಿಳಾಸದಲ್ಲಿ ಆರು ತಿಂಗಳಿಗಿಂತ ಹೆಚ್ಚು ಕಾಲ ವಾಸವಿರುವ, ಹದಿನೆಂಟು ವರ್ಷ ತುಂಬಿದ ಯಾರನ್ನಾದರೂ ಪ್ರಶ್ನಿಸಬಹುದು’ ಎಂದಿತ್ತು. ತಲೆಯೆತ್ತಿ ಕಾವಲುಗಾರನ ಮುಖ ನೋಡಿದ.

“ಅಣ್ಣ, ನೀವು ಮಲಗೋದೆಲ್ಲಿ?”

“ಇಲ್ಲೇ ಸಾರ್, ಈ ಕೋಣೇಲಿ. ಒಂಬತ್ತು ವರ್ಷ ಆಯ್ತು. ಕಾಲು ನೀಡಿದ್ರೆ ಬಾಗಿಲು ಹಾಕೋಕಾಗಲ್ಲ ಅಷ್ಟೆ.”

“ವಿಳಾಸ ಇದೇ ತಾನೆ?”

“ನನ್ನ ಕಾಗದ ಎಲ್ಲ ಈ ನಂಬರಿಗೇ ಬರೋದು. ಬರೋದಾದ್ರೆ.”

“ತಿಂಗಳಿಗೆಷ್ಟು ಬರುತ್ತೆ?”

“ಹದಿನಾಲ್ಕು ಸಾವಿರ. ಯಾಕೆ ಸಾರ್, ಜಾಸ್ತಿ ಮಾಡ್ತಾರಾ?”

ಎಷ್ಟಪ್ಪ ಹದಿನಾಲ್ಕು ಸಾವಿರ ಎಂದು ಬರೆದ. ಆಮೇಲೆ ಕಾವಲುಗಾರನ ಗೇಟು ಪುಸ್ತಕವನ್ನೂ ಗೇಟಿನ ಸಂದಿಯಿಂದ ಒಳಗನ್ನೂ ನೋಡಿ ಎರಡನೇ ಭಾಗ ತುಂಬಿದ: ದಿನಕ್ಕೆ ಎರಡು ಟ್ಯಾಂಕರು, ಮೂರು ಕಾರು, ಚೆಂಡಾಟ ಆಡಬಹುದಾದಷ್ಟು ಹುಲ್ಲು. ಹೀಗೆ ನಲವತ್ತಮೂರು ಗೇಟು, ನಲವತ್ತಮೂರು ಕಾವಲುಗಾರರು. ಒಂದಕ್ಷರ ಸುಳ್ಳು ಬರೆದಿರಲಿಲ್ಲ. ಉಳಿದ ಸಮೀಕ್ಷಕರು ‘ಬಾಗಿಲು ತೆಗೆಯಲಿಲ್ಲ’ ಎಂಬ ಮುದ್ರೆ ಒತ್ತಿದ ಫಾರಮ್ಮುಗಳನ್ನು ಕಟ್ಟುಗಟ್ಟಲೆ ತಂದರೆ, ಅವನ ಕಟ್ಟಿನಲ್ಲಿ ಅಂಥದ್ದು ಒಂದೂ ಇರಲಿಲ್ಲ. ಮೇಡಂ ಎಲ್ಲರ ಮುಂದೆ ಬೆನ್ನು ತಟ್ಟಿದರು. “ನೋಡಿ ಕಲೀರಿ. ಇವನಿಗೆ ತೆಗೀದೆ ಇರೋ ಬಾಗಿಲೇ ಇಲ್ಲ,” ಎಂದರು. ಕ್ಷೇತ್ರ ಮೇಲ್ವಿಚಾರಕನ ಹುದ್ದೆಯೊಂದು ಖಾಲಿಯಿತ್ತು, ಖಾಯಂ ಹುದ್ದೆ. ವರದಿ ಸಲ್ಲಿಕೆಯಾದ ದಿನವೇ ಅವನ ಹೆಸರು ಕಳಿಸುತ್ತೇನೆ ಎಂದರು. ಅವನು ಆ ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರದೆ, ಆಗಲೇ ಖಾಯಂ ಆದವನ ಗತ್ತಿನಲ್ಲಿ ನಿಂತುಕೊಂಡೇ ಮನೆಗೆ ಹೋದ.

ಮೂರು ತಿಂಗಳ ನಂತರ ಮೇಡಂ ಅವನನ್ನು ಕೋಣೆಗೆ ಕರೆದು ಕಂಪ್ಯೂಟರನ್ನು ಅವನತ್ತ ತಿರುಗಿಸಿದರು. ಪರದೆಯ ತುಂಬ ಚುಕ್ಕೆಗಳು, ಮನೆಗೊಂದು; ವಿಳಾಸ, ಕಾರು, ಹುಲ್ಲು ಯಾವುದೂ ಇಲ್ಲ, ಆದಾಯ ಮತ್ತು ನೀರು ಮಾತ್ರ. ಬಲಕ್ಕೆ ಹೋದಷ್ಟೂ ಆದಾಯ ಹೆಚ್ಚು, ಮೇಲಕ್ಕೆ ಹೋದಷ್ಟೂ ನೀರಿನ ಬಳಕೆ ಹೆಚ್ಚು. ಎಡಗಡೆ, ಬಡವರಿರಬೇಕಾದ ಜಾಗದಲ್ಲಿ, ಚುಕ್ಕೆಗಳ ಗುಂಪೊಂದು ಪರದೆಯ ನೆತ್ತಿಗೆ ಅಂಟಿಕೊಂಡು ಕುಳಿತಿತ್ತು.

“ಇದನ್ನ ಯಾರೂ ಹೇಳಿಲ್ಲ ಗೊತ್ತಾ,” ಎಂದರು ಮೇಡಂ. ಆ ಗುಂಪನ್ನು ಬೆರಳಿನಿಂದ ಮುಟ್ಟಿ ತೋರಿಸಿದರು. “ಆದಾಯ ಹೆಚ್ಚಾದ ಹಾಗೆ ಪರಿಸರಕ್ಕೆ ಪೆಟ್ಟು ಹೆಚ್ಚು ಅಂತ ಎಲ್ಲರೂ ಬರೀತಾರೆ. ಇಲ್ಲಿ ನೋಡು. ಕಡಿಮೆ ಆದಾಯದ ಒಂದು ವರ್ಗಾನೇ ನೀರನ್ನ ಜಾಸ್ತಿ ಹಾಳು ಮಾಡ್ತಿದೆ. ಬಹುಶಃ ಅವರ ನಲ್ಲಿ ದರ ಅಗ್ಗ ಇರೋದ್ರಿಂದ. ಆ ರಿಯಾಯಿತಿ ತೆಗೀಬೇಕು ಅಂತ ಶಿಫಾರಸು ಬರೀತಿದೀನಿ.”

ಎಷ್ಟಪ್ಪ ಚುಕ್ಕೆಗಳನ್ನು ಎಣಿಸಿದ. ಎಣಿಸುವುದೇ ಅವನ ಉದ್ಯೋಗ. ನಲವತ್ತಮೂರಿದ್ದವು.

ಆದಾಯ ಗೇಟಿನವನದು, ನೀರು ಬಂಗಲೆಯದು. ಬಿಡಿಬಿಡಿಯಾಗಿ ಎರಡೂ ನಿಜ; ಒಂದೇ ಕಾಗದದ ಮೇಲೆ ಸೇರಿ ಶುದ್ಧ ಸುಳ್ಳಾಗಿ ಕುಳಿತಿದ್ದವು. ಬಕೆಟ್ಟು ನೀರಿನಲ್ಲಿ ಮೈತೊಳೆದುಕೊಳ್ಳುವ ಕಾವಲುಗಾರ ಮೇಡಂ ಲೆಕ್ಕದಲ್ಲಿ ದಿನಕ್ಕೆ ಎರಡು ಟ್ಯಾಂಕರು ಕುಡಿದು ಮುಗಿಸುತ್ತಿದ್ದ.

“ತುಂಬಾ ಚೆನ್ನಾಗಿದೆ ಮೇಡಂ,” ಎಂದು ಹೇಳಿ ಹೊರಬಂದ. ತನ್ನ ಬಾಯಿಂದ ಆ ಮಾತು ಬಂದದ್ದಕ್ಕೆ ಮೆಟ್ಟಿಲ ಮೇಲೆ ನಿಂತು ತನ್ನನ್ನೇ ಬೈದುಕೊಂಡ. ಆದರೆ ವಾಪಸು ಹತ್ತಲಿಲ್ಲ.

ಮನೆಯಲ್ಲಿ ಅಕ್ಕ ಕಾಲರಿಗೆ ಹೊಲಿಗೆ ಹಾಕುತ್ತಿದ್ದಳು. ಭಾವ ಕುರ್ಚಿಯಲ್ಲಿ ಕಾಲು ಚಾಚಿ ಕುಳಿತಿದ್ದ. ನೀರಿನ ಟ್ಯಾಂಕರ್ ಓಡಿಸುವವನು. ಮನೆಗೆ ಬಂದ ಮೇಲೂ ಲಾರಿಯ ಸದ್ದಿನ ಮೇಲೆ ಮಾತಾಡುವವನಂತೆ ಗಟ್ಟಿಯಾಗಿ ಮಾತಾಡುತ್ತಿದ್ದ.

ವಿಷಯ ಕೇಳಿ ಭಾವ ಹೊಟ್ಟೆ ಹಿಡಿದುಕೊಂಡು ನಕ್ಕ. “ಆ ಗೇಟಿನವನು ಬಡಪಾಯಿ ಕಣಯ್ಯ. ನಾನು ಆ ಬಡಾವಣೇಲಿ ನೀರು ಬಿಡುವಾಗ ಪೈಪಿಂದ ಸೋರೋದನ್ನ ಬಾಟಲಿಗೆ ಹಿಡ್ಕೋತಾನೆ. ಅವನ ಹೆಸರಲ್ಲಿ ಹುಲ್ಲುಹಾಸು ಬರೆದ್ಯಾ? ಭೇಷ್. ನಾಳೆ ನನ್ನ ಹೆಸರಿಗೆ ಆ ಕಾರುಗಳನ್ನೂ ಬರೆದುಬಿಡು ಭಾವಮೈದ.”

“ನಗಬೇಡಿ,” ಎಂದಳು ಅಕ್ಕ. ಯಂತ್ರ ನಿಲ್ಲಿಸಿ ತಮ್ಮನ ಕಡೆ ತಿರುಗಿದಳು. “ಹುದ್ದೆ ಆಗುತ್ತಾ ಇಲ್ವಾ, ಅದನ್ನ ಹೇಳು.”

“ಸುಮ್ಮನಿದ್ರೆ ಆಗುತ್ತೆ.”

“ಬಾಯಿ ಇರೋದು ಮಾತಿಗಷ್ಟೇ ಅಲ್ಲ, ಊಟಕ್ಕೂನೂ. ಮುಚ್ಕೊಂಡು ಊಟ ಮಾಡು.”

“ಅಕ್ಕ, ನಲ್ಲಿ ರಿಯಾಯಿತಿ ತೆಗೀತಾರಂತೆ. ನಮ್ಮ ನಲ್ಲಿದೂ ಅದೇ ರಿಯಾಯಿತಿ.”

“ತೆಗೀಲಿ. ಖಾಯಂ ಆದ್ಮೇಲೆ ನೀನು ಕಟ್ಟು,” ಎಂದು ಮತ್ತೆ ಪೆಡಲ್ ತುಳಿದಳು. “ಮೇಜಿನ ಕೆಳಗೆ ಮಲಗಿ ಆರು ವರ್ಷ ಆಯ್ತು ನಿನಗೆ. ನಿನ್ನ ಕೂದಲಲ್ಲಿ ದಾರ ಹೆಕ್ಕಿ ಹೆಕ್ಕಿ ನನಗೂ ಸಾಕಾಗಿದೆ.”

ಎರಡು ವಾರ ಅವನು ಅಕ್ಕನ ಮಾತು ಕೇಳಿದ. ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದ. ಆದರೆ ವರದಿಯ ಕರಡನ್ನು ಓದಿ ತಪ್ಪು ತಿದ್ದಲು ಮೇಡಂ ಅವನಿಗೇ ಕೊಟ್ಟರು. ‘ಈ ವರ್ಗದ ಕುಟುಂಬಗಳಲ್ಲಿ ನೀರಿನ ಮೌಲ್ಯದ ಅರಿವು ಕಡಿಮೆ’ ಎಂಬ ಸಾಲು ಹದಿನೇಳನೇ ಪುಟದಲ್ಲಿತ್ತು. ಅದರ ಪಕ್ಕ ಅವನು ಏನೂ ಬರೆಯಲಿಲ್ಲ, ಮುಂದಿನ ಪುಟಕ್ಕೂ ಹೋಗಲಿಲ್ಲ. ಅರ್ಧ ದಿನ ಅದೇ ಪುಟ ತೆರೆದಿಟ್ಟುಕೊಂಡು ಕುಳಿತ. ಸಿಟ್ಟು ಬಂದದ್ದು ಮೇಡಂ ಮೇಲಲ್ಲ, ಕಾವಲುಗಾರರ ಮೇಲೂ ಅಲ್ಲ. ಬಸ್ಸಿನ ಭತ್ಯೆಗೆಂದು ನಿಯಮದ ಪುಸ್ತಕ ಬಿಡಿಸಿದ ತನ್ನ ಬುದ್ಧಿವಂತಿಕೆಯ ಮೇಲೆ. ಕೊನೆಗೆ ಎದ್ದು ಮೇಡಂ ಕೋಣೆಗೆ ಹೋಗಿ, ಕುರ್ಚಿ ತೋರಿಸಿದರೂ ಕೂರದೆ, ನಲವತ್ತಮೂರು ಗೇಟುಗಳ ಕಥೆ ಹೇಳಿ ಮುಗಿಸಿದ.

ಮೇಡಂ ಎಲ್ಲರನ್ನೂ ಏಕವಚನದಲ್ಲೇ ಮಾತಾಡಿಸುವವರು. ಕೋಪ ಬಂದರೆ ಮಾತ್ರ ಬಹುವಚನಕ್ಕೆ ಏರುತ್ತಿದ್ದರು.

“ನೀವು ಇದನ್ನ ಯಾವಾಗ ಹೇಳ್ಬೇಕು ಅಂತಿದ್ರಿ?” ಎಂದರು.

“ಈಗ ಮೇಡಂ.”

“ಐದು ವರ್ಷ. ಐದು ವರ್ಷದಲ್ಲಿ ನನಗೆ ಸಿಕ್ಕಿದ್ದು ಈ ಒಂದು ಫಲಿತಾಂಶ.” ಕನ್ನಡಕ ತಲೆಯ ಮೇಲಿಂದ ತೆಗೆದು ಹಾಕಿಕೊಂಡರು, ಮತ್ತೆ ತೆಗೆದರು. ಕೊನೆಗೆ ಏಕವಚನಕ್ಕೆ ಇಳಿದರು. “ಸರಿ. ಹತ್ತು ದಿನ ಇದೆ. ಹೋಗು, ಮನೆಯವರ ಆದಾಯ ಕೇಳ್ಕೊಂಡು ಬಾ. ಎಲ್ಲ ಬೇಡ, ಒಂದಷ್ಟು ಸಿಕ್ರೂ ಸಾಕು, ಏನಾದ್ರೂ ಮಾಡಬಹುದು. ತಂದ್ರೆ ನಿನ್ನ ಹುದ್ದೆಗೆ ನಾನು ಹೋರಾಡ್ತೀನಿ. ತರದಿದ್ರೆ ವರದಿಯೂ ಇಲ್ಲ, ನನ್ನ ಮಾತಿಗೆ ಬೆಲೆಯೂ ಇಲ್ಲ.”

ಎಂಟು ದಿನ ಅವನು ಗೇಟಿಂದ ಗೇಟಿಗೆ ಅಲೆದ. ಸಂಸ್ಥೆಯ ಮುದ್ರೆಯಿದ್ದ ಪತ್ರ ಒಳಗೆ ಕಳಿಸಿದರೆ ಹೊರಗೆ ಬರುತ್ತಿರಲಿಲ್ಲ. ಒಂದು ಕಡೆ ಗೋಡೆಗೆ ಹಾಕಿದ್ದ ಪೆಟ್ಟಿಗೆಯೊಳಗಿಂದ ಹೆಣ್ಣು ದನಿಯೊಂದು “ಯಾರು, ಏನು ಬೇಕು?” ಎಂದಿತು. “ನಿಮ್ಮ ಆದಾಯ ಎಷ್ಟು ಅಂತ,” ಎಂದು ಪೆಟ್ಟಿಗೆಗೆ ಬಾಗಿ ಹೇಳುವಷ್ಟರಲ್ಲಿ ಅದು ಕಟ್ ಆಗಿತ್ತು. ಹೇಳಿದ ಮೇಲೆ ಅವನಿಗೂ ಅನಿಸಿತು, ಗೋಡೆಯನ್ನು ಯಾರಾದರೂ ಹೀಗೆ ಕೇಳುತ್ತಾರೆಯೇ ಎಂದು. ಕಾವಲುಗಾರರು ಮಾತ್ರ ಹಳೆಯ ಪರಿಚಯದವರಂತೆ ನೀರು ಕೊಟ್ಟು ಕೂರಿಸುತ್ತಿದ್ದರು. “ಹೋದ ಸಲ ಎಲ್ಲಾ ಹೇಳಿದೀನಲ್ಲ ಸಾರ್, ಮತ್ತೇನು? ಒಂದು ಸಾವಿರ ಜಾಸ್ತಿ ಆಗಿದೆ, ಅದನ್ನ ಬರ್ಕೊಳ್ಳಿ,” ಎಂದ ಒಬ್ಬ. ಅವರ ಬಳಿ ಬಚ್ಚಿಡುವಂಥದ್ದೇನೂ ಇರಲಿಲ್ಲ. ಬಚ್ಚಿಡಲು ಇರುವವರ ಹತ್ತಿರ ಹೋಗುವ ದಾರಿ ಇವನಿಗೆ ಗೊತ್ತಿರಲಿಲ್ಲ.

ಒಂಬತ್ತನೇ ದಿನ ಭಾವ, “ಲಾರಿ ಹತ್ತು, ಒಳಗೆ ಬಿಡ್ತೀನಿ. ಆಮೇಲೆ ನನ್ನನ್ನ ಗೊತ್ತು ಅನ್ನಬೇಡ,” ಎಂದ. ನೀರು ಬರುವಾಗ ಯಾವ ಗೇಟೂ ಪ್ರಶ್ನೆ ಕೇಳುವುದಿಲ್ಲ. ಎಷ್ಟಪ್ಪ ಲಾರಿಯಿಂದ ಇಳಿದು, ಸಂದಿಯಿಂದ ಮಾತ್ರ ನೋಡಿದ್ದ ಹುಲ್ಲುಹಾಸನ್ನು ದಾಟಿ, ಕಂಬದ ನೆರಳಲ್ಲಿ ಚಹಾ ಕುಡಿಯುತ್ತಿದ್ದ ಯಜಮಾನತಿಯ ಮುಂದೆ ನಿಂತ. ಆಕೆ ರೇಗಲಿಲ್ಲ. ಫಾರಂ ತೆಗೆದುಕೊಂಡು ಪೂರ್ತಿ ಓದಿದರು.

“ಆದಾಯ ನನಗೇನು ಗೊತ್ತಪ್ಪ. ಅದನ್ನೆಲ್ಲ ನಮ್ಮ ಆಡಿಟರ್ ನೋಡ್ಕೋತಾರೆ. ಇವತ್ತು ಇಲ್ಲೇ ಬಂದಿದಾರೆ, ಕೇಳು.”

ಆಡಿಟರು ಒಳಗಿನ ಕೋಣೆಯಲ್ಲಿ ಕಡತಗಳ ನಡುವೆ ಕುಳಿತಿದ್ದರು. ಬಹಳ ಸಭ್ಯರು. ಮೊದಲು ಕುರ್ಚಿ ಹಾಕಿಸಿದರು.

“ಬರೆದುಕೊಳ್ಳಿ. ಈ ಮನೆ ಕಂಪನಿಯದು. ಇವರು ಇಲ್ಲಿ ವಾಸ ಮಾತ್ರ. ಕಾರುಗಳೂ ಕಂಪನಿಯವೇ. ತೋಟ, ನೀರು, ಕಾವಲು, ಅವೂ ಕಂಪನಿ ಖರ್ಚು.”

“ಕಂಪನಿಗೆ ಲಾಭ ಎಷ್ಟು ಸಾರ್?”

“ಮೂರು ವರ್ಷದಿಂದ ನಷ್ಟ.”

“ಹಾಗಾದ್ರೆ ಮನೆಯವರ ಆದಾಯ?”

“ಯಜಮಾನರಿಗೆ ಕಂಪನಿಯಿಂದ ಗೌರವಧನ. ತಿಂಗಳಿಗೆ ಹನ್ನೊಂದೂವರೆ ಸಾವಿರ.”

ಎಷ್ಟಪ್ಪನ ಪೆನ್ನು ನಿಂತಿತು. “ಸಾರ್, ಗೇಟಲ್ಲಿರೋರಿಗೇ ಹದಿನಾಲ್ಕಲ್ವಾ?”

“ಹದಿನೈದು,” ಎಂದರು ಆಡಿಟರು, ಕಡತ ನೋಡಿ. “ಕಳೆದ ತಿಂಗಳಿಂದ. ಅವನು ಕಂಪನಿ ನೌಕರ, ಅವನಿಗೆ ಕನಿಷ್ಠ ವೇತನ ಕೊಡ್ಲೇಬೇಕು. ಯಜಮಾನರಿಗೆ ಆ ಕಾನೂನು ಅನ್ವಯಿಸಲ್ಲ.” ಹೇಳಿ, ಫಾರಮ್ಮಿನ ಮೊದಲ ಭಾಗಕ್ಕೆ ಸಹಿ ಹಾಕಿ, ಮುದ್ರೆ ಒತ್ತಿ, ಶಾಯಿ ಒಣಗಲೆಂದು ಊದಿ ಕೊಟ್ಟರು. “ಇದೇ ಬೀದಿಯ ಇನ್ನೂ ಹದಿನಾರು ಮನೆ ನನ್ನ ಕೈಯಲ್ಲೇ ಇವೆ. ಬೇಕಾದ್ರೆ ಅವನ್ನೂ ನಾಳೆ ಬರ್ಕೊಡ್ತೀನಿ. ಎಲ್ಲ ಹೆಚ್ಚು ಕಡಿಮೆ ಹೀಗೇ.”

ಹತ್ತನೇ ದಿನ ಹದಿನೇಳು ಫಾರಂ ಮೇಡಂ ಮೇಜಿನ ಮೇಲಿದ್ದವು. ಅಚ್ಚುಕಟ್ಟಾದ ಅಕ್ಷರ, ಸಹಿ, ಮುದ್ರೆ. ಮೇಡಂ ಒಂದೊಂದಾಗಿ ತಿರುಗಿಸಿದರು. ಹನ್ನೊಂದೂವರೆ, ಒಂಬತ್ತು, ಹನ್ನೆರಡು. ಒಂದು ಮನೆಯ ಆದಾಯದ ಜಾಗದಲ್ಲಿ ಬರೀ ಗೆರೆ.

“ಅಂದ್ರೆ ಚುಕ್ಕೆಗಳು ಇರೋ ಜಾಗದಲ್ಲೇ ಇರ್ತವೆ,” ಎಂದರು ಮೆಲ್ಲಗೆ.

“ಇನ್ನೂ ಸ್ವಲ್ಪ ಎಡಕ್ಕೆ ಹೋಗ್ತವೆ ಮೇಡಂ.”

ಇಬ್ಬರಿಗೂ ನಗು ಬಂತು, ಇಬ್ಬರೂ ನಗಲಿಲ್ಲ.

“ನೋಡು,” ಎಂದರು ಮೇಡಂ ಕೊನೆಗೆ. “ಇದು ಸುಳ್ಳು ಅಂತ ನಿನಗೂ ಗೊತ್ತು, ನನಗೂ ಗೊತ್ತು. ಆದ್ರೆ ಗೊತ್ತಿರೋದನ್ನೆಲ್ಲ ಕೋಷ್ಟಕಕ್ಕೆ ಹಾಕೋಕಾಗಲ್ಲ. ಕಾಗದದಲ್ಲಿರೋದನ್ನ ಹಾಕಬೇಕು. ಈಗ ಕಾಗದ ಸರಿಯಾಗಿದೆ. ಕಾವಲುಗಾರನ ಮಾತಲ್ಲ, ಮನೆಯವರದ್ದೇ ಹೇಳಿಕೆ. ವರದಿ ನಿಲ್ಲುತ್ತೆ, ನಿನ್ನ ಹುದ್ದೇನೂ ನಿಲ್ಲುತ್ತೆ. ಕೆಳಗೆ ನಿನ್ನ ಸಹಿ ಬಾಕಿ ಇದೆ.”

ಪ್ರತಿ ಫಾರಮ್ಮಿನ ಕೊನೆಗೆ ಒಂದು ಸಾಲು ಅಚ್ಚಾಗಿರುತ್ತಿತ್ತು: ‘ಮೇಲಿನ ವಿವರಗಳು ನಾನು ಖುದ್ದು ವಿಚಾರಿಸಿ ತಿಳಿದಂತೆ ಸರಿಯಾಗಿವೆ.’ ಅದರ ಕೆಳಗೆ ಸಮೀಕ್ಷಕನ ಸಹಿ. ಆರು ವರ್ಷದಲ್ಲಿ ಸಾವಿರಾರು ಸಲ ಆ ಸಾಲನ್ನು ಓದದೆ ಸಹಿ ಹಾಕಿದ್ದ. ಇವತ್ತು ಓದಿದ. ಪೆನ್ನಿನ ತುದಿಯನ್ನು ಗೆರೆಯ ಮೇಲಿಟ್ಟ. ಖಾಯಂ ಹುದ್ದೆ, ಬಾಡಿಗೆಗೊಂದು ಕೋಣೆ, ಮೇಲೆ ಮೇಜಿಲ್ಲದ ಹಾಸಿಗೆ ಎಲ್ಲ ಕಣ್ಣ ಮುಂದೆ ಸಾಲಾಗಿ ಬಂದವು. ಸಹಿಯ ಮೊದಲ ಅಕ್ಷರ ಬರೆದ. ಎರಡನೆಯದು ಬರಲಿಲ್ಲ. ಧೈರ್ಯವೋ ಹಟವೋ ಅವನಿಗೇ ತಿಳಿಯಲಿಲ್ಲ; ಪೆನ್ನಿಗೆ ಮುಚ್ಚಳ ಹಾಕಿಬಿಟ್ಟ.

“ಆಗಲ್ಲ ಮೇಡಂ. ಹುಲ್ಲಿನ ಮೇಲೆ ನಡ್ಕೊಂಡು ಹೋಗಿದೀನಿ ನಾನು.”

“ನಿಮ್ಮಿಷ್ಟ,” ಎಂದರು ಮೇಡಂ.

ಅಕ್ಕ ಕಿರುಚಾಡಲಿಲ್ಲ. ಕಿರುಚಾಡಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಕತ್ತರಿಸಿದ ಬಟ್ಟೆಯನ್ನು ಅಳತೆಗೆ ತಕ್ಕಂತೆ ಜೋಡಿಸುತ್ತಲೇ, “ಮುಂದಿನ ಗುತ್ತಿಗೆ?” ಎಂದಳು.

“ಯೋಜನೇನೇ ಮುಗೀತಂತೆ. ಈ ತಿಂಗಳ ಕೊನೆಗೆ.”

“ನೀನು ಸಹಿ ಹಾಕಲಿಲ್ಲ ಅಂತ ಆ ಹದಿನೇಳು ಮನೆಯವರಿಗೆ ಗೊತ್ತಾಗುತ್ತಾ?”

“ಇಲ್ಲ.”

“ಗೇಟಿನವರಿಗೆ?”

“ಇಲ್ಲ.”

“ಹಾಗಾದ್ರೆ ಯಾರಿಗೋಸ್ಕರ ಮಾಡ್ದೆ, ಅದನ್ನಾದ್ರೂ ಹೇಳು.”

ಒಳ್ಳೆಯ ಕೆಲಸ ಮಾಡಿದರೆ ಮನಸ್ಸು ಹಗುರವಾಗುತ್ತದೆ ಎಂದು ಎಲ್ಲೋ ಓದಿದ್ದ. ಹಗುರವಾದದ್ದು ಬರೀ ಜೇಬು. ಮನಸ್ಸಿನ ತುಂಬ ಆಡಿಟರು ಶಾಯಿ ಊದಿದ ಸದ್ದೇ ಕೇಳುತ್ತಿತ್ತು, ಕೇಳಿದಾಗಲೆಲ್ಲ ಸಿಟ್ಟು ಬರುತ್ತಿತ್ತು.

ಉಳಿದ ದಿನಗಳಲ್ಲಿ ಮೇಡಂ ಅವನಿಗೆ ಕೊಟ್ಟ ಕೆಲಸ, ಆ ನಲವತ್ತಮೂರು ಮನೆಗಳನ್ನು ಪಟ್ಟಿಯಿಂದ ಹೊಡೆದುಹಾಕುವುದು. ಕೆಂಪು ಪೆನ್ನಿನಲ್ಲಿ ಒಂದೊಂದಕ್ಕೂ ಅಡ್ಡಗೆರೆ ಎಳೆದು ‘ಉತ್ತರ ಲಭ್ಯವಿಲ್ಲ’ ಎಂದು ಬರೆದ. ಕೊನೆಯ ದಿನದ ಮಧ್ಯಾಹ್ನ ಮೇಡಂ ಲೆಕ್ಕವನ್ನು ಹೊಸದಾಗಿ ಓಡಿಸಿದರು. ಪರದೆಯ ನೆತ್ತಿ ಖಾಲಿಯಾಗಿತ್ತು. ಉಳಿದ ಚುಕ್ಕೆಗಳೆಲ್ಲ ಕೆಳಗೆ ಒಂದೇ ಕಡೆ ಒತ್ತೊತ್ತಾಗಿ ನಿಂತಿದ್ದವು, ಬಸ್ಸಿಗೆ ಕಾಯುವವರ ಹಾಗೆ.

“ನೋಡು ನಿನ್ನ ಪ್ರಾಮಾಣಿಕತೆ ಮಾಡಿದ ಕೆಲಸ,” ಎಂದರು ಮೇಡಂ. ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು. “ಈಗ ಈ ಊರಲ್ಲಿ ಶ್ರೀಮಂತರೇ ಇಲ್ಲ. ಆದಾಯದ ಅಂತರ ಕಮ್ಮಿ. ಎಲ್ಲರೂ ಸಮ. ಅಂತರ್ಜಲ ಮಾತ್ರ ವರ್ಷ ವರ್ಷ ಇಳೀತಿದೆ, ಯಾರ ತಪ್ಪೂ ಇಲ್ಲದೆ. ಇದನ್ನ ಕಳಿಸಲಾ?”

ಅವನು ಒಂದು ಸುಳ್ಳಿಗೆ ಸಹಿ ಹಾಕದೆ ಇನ್ನೊಂದಕ್ಕೆ ದಾರಿ ಮಾಡಿಕೊಟ್ಟಿದ್ದ.

“ನಲವತ್ತಮೂರು ಮನೆಯವರ ಆದಾಯ ತಿಳಿಯಲಿಲ್ಲ, ಅವರು ಬಳಸುವ ನೀರು ಮಾತ್ರ ತಿಳಿದಿದೆ, ಅಂತ ಬರೀಬಹುದಲ್ವಾ ಮೇಡಂ?”

“ಬರೆದಿದೀನಿ. ಕೊನೇ ಪುಟ, ಸಣ್ಣ ಅಕ್ಷರ.”

“ಅದನ್ನ ಮೊದಲನೇ ಪುಟಕ್ಕೆ ಹಾಕಿ.”

“ಮೊದಲನೇ ಪುಟಕ್ಕೆ ಫಲಿತಾಂಶ ಹಾಕ್ತಾರೆ ಕಣೋ.”

“ನಮಗೆ ಸಿಕ್ಕ ಫಲಿತಾಂಶ ಅದೊಂದೇ ಅಲ್ವಾ ಮೇಡಂ?”

ಮೇಡಂ ಅವನನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ವರದಿ ಯಾವಾಗ ಬರುತ್ತದೆ ಎಂದು ನೀರಿನ ಇಲಾಖೆಯವರು ಕೇಳುತ್ತಿದ್ದರು. ಮೇಡಂ “ಹೂಂ, ಹೂಂ” ಎನ್ನುತ್ತ ಪರದೆಯಲ್ಲಿ ವರದಿ ತೆರೆದು ಮೇಲಕ್ಕೂ ಕೆಳಕ್ಕೂ ಸರಿಸತೊಡಗಿದರು, ಮೊದಲ ಪುಟ, ಕೊನೆಯ ಪುಟ, ಮತ್ತೆ ಮೊದಲ ಪುಟ. ಎಷ್ಟಪ್ಪ ಬಾಗಿಲ ಬಳಿ ಕಾದು ನಿಂತ. ಮಾತು ಮುಗಿಯಲಿಲ್ಲ. ಕಚೇರಿಯ ಗುರುತಿನ ಚೀಟಿಯನ್ನು ಐದು ಗಂಟೆಯೊಳಗೆ ಒಪ್ಪಿಸಬೇಕಿತ್ತು. ನಾಲ್ಕು ಐವತ್ತಕ್ಕೆ ಅವನು ಮೆಟ್ಟಿಲಿಳಿದ.